ಎಡಗೈ ಅಡ್ಡ ಹಿಡಿಯುತ್ತಿದ್ದವನು

ಆಗ ನನಗೆ ಐವತ್ತೆರಡು. ಇಪ್ಪತ್ತು ವರ್ಷದ ಹಿಂದಿನ ಮಾತು. ನಾನು ಕಸ ಗುಡಿಸುತ್ತಿದ್ದ ಪುಣೆ ಕ್ಯಾಂಪಿನ ಆಫೀಸಿನಲ್ಲಿ ಒಬ್ಬ ಕಂಪ್ಯೂಟರಿನವನು ಕೂತಲ್ಲಿಂದಲೇ ದೂರದ ಬಾರಾಮತಿಯ ಲಿನಕ್ಸ್ ಸರ್ವರ್ ನಡೆಸುತ್ತಿದ್ದ. ಪಾಸ್‌ವರ್ಡ್ ಒತ್ತುವಾಗ ಎಡಗೈ ಅಡ್ಡ ಹಿಡಿದು, "ಹಿಂದ ನಿಂದರಬ್ಯಾಡ್ರಿ" ಎಂದು ಸಾಹೇಬರನ್ನೂ ಹೊರಗಟ್ಟುತ್ತಿದ್ದ. ಅಕ್ಷರ ಬಾರದ ನನ್ನನ್ನು ಮಾತ್ರ ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆದು ಒಳಗೆ ಬಿಡುತ್ತಿದ್ದ. ಅಕ್ಷರ ಕಲಿತರೆ ಗುಡಿಸುವ ಆ ಕೆಲಸ ಹೋದೀತೆಂದು ನಾನು ಕಲಿಯಲಿಲ್ಲ.

ಒಂದು ದಿನ ಅವನು ಎಡಗೈ ಅಡ್ಡ ಹಿಡಿಯದೆ, ಪಾಸ್‌ವರ್ಡ್ ಒತ್ತದೆಯೇ ಬಾರಾಮತಿಯ ಸರ್ವರ್ ತೆರೆದ.

"ಮರ್ತ್ರೇನ್ರಿ?" ಎಂದೆ.

"ಅದರ ಕಾಟ ಮುಗೀತು, ಮೌಶಿ. ಗುಟ್ಟಿನ ಕೀಲಿಕೈ ಈ ಕಂಪ್ಯೂಟರಿನ್ಯಾಗ ಅದ, ಅದಕ್ಕ ಹೊಂದೋ ಬೀಗ ಅಲ್ಲಿ ಜಡದೀನಿ. ಇನ್ನ ಯಾರರೆ ಹಿಂದ ನಿಂದರ್ಲಿ."

"ನಾ ಅಕ್ಷರ ಕಲಿತ್ರ?"

"ಕಲೀರಿ! ನಿಮ್ಮ ಕೆಲಸ ಎಲ್ಲೂ ಹೋಗೂದಿಲ್ಲ."

ಮರುದಿನ ಬೆಳಿಗ್ಗೆ ಕಸಬರಿಗೆ ಹಿಡಿಯುವ ಮೊದಲೇ ಅವನ ಮುಂದೆ ಪಾಟಿ ಬಳಪ ಇಟ್ಟು, "ನನ್ನ ಹೆಸರ ಬರದ ತೋರಸ್ರಿ" ಎಂದೆ.