ಅಚ್ಚಿನಲ್ಲಿದ್ದ ಮಗಳು

ನಮ್ಮ ಪಕ್ಕದ ಮನೆಯ ಅಚ್ಚಿನ ಮಾವ ಟಂಕಸಾಲೆಯಲ್ಲಿ ಮೂವತ್ತೊಂದು ವರ್ಷ ನಾಣ್ಯದ ಅಚ್ಚು ಕೊರೆದವರು. ಉಕ್ಕಿನ ಪುಡಿ ಅವರ ಉಗುರುಸಂದಿ ಬಿಟ್ಟು ಹೋದದ್ದೇ ಇಲ್ಲ. ಊಟಕ್ಕೆ ಕೂತಾಗ ಅವರ ಹೆಂಡತಿ, ನಮ್ಮ ಪಾಲಿನ ಅತ್ತೆ, "ನಿಮಗೆ ಕಬ್ಬಿಣದ ಟಾನಿಕ್ಕೇ ಬೇಡ ಬಿಡಿ" ಎಂದು ಛೇಡಿಸುತ್ತಿದ್ದರು.

ಅತ್ತೆ ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ, ಟಂಕಸಾಲೆಗೆ ಆ ಹೆಸರು ಹೇಗೆ ಬಂತೆಂದು ನಾನು ಮಾವನನ್ನು ಕೇಳಿದೆ.

"ಟಂಕ ಅಂದ್ರೆ ಮೊದಲು ಉಳಿ ಕಣಮ್ಮಾ. ಉಳಿ ಕೊರೆದ ಗುರುತಿಗೂ ಆ ಹೆಸರೇ ಬಂತು, ಗುರುತು ಬಿದ್ದ ನಾಣ್ಯಕ್ಕೂ ಬಂತು. ನನ್ನ ಗುರುಗಳು ಹೇಳಿದ್ದು," ಎಂದರು. ಹಾಗೇ ಮಗಳ ವಿಷಯ ತೆಗೆದರು.

ಒಂಬತ್ತು ತುಂಬಿದಾಗ ಅವಳು ಜ್ವರದಲ್ಲಿ ಹೋಗಿಬಿಟ್ಟಳು. ಒಂದು ಫೋಟೊ ಕೂಡ ಇರಲಿಲ್ಲ. ಮರುವರ್ಷ ಹೊಸ ನಾಣ್ಯಕ್ಕೆ ತೆನೆ ಹಿಡಿದ ಹುಡುಗಿಯ ಚಿತ್ರ ಬೇಕೆಂದು ಮೇಲಿನಿಂದ ಆದೇಶ ಬಂತು. ಮಾವ ಮಗಳ ಮುಖವನ್ನೇ ಕೊರೆದರು, ಎಡಗೆನ್ನೆಯ ಮಚ್ಚೆ ಸಮೇತ. ಅಚ್ಚಿನಲ್ಲಿ ಎಲ್ಲವನ್ನೂ ತಿರುಗಿಸಿ ಕೊರೆಯಬೇಕು; ಒತ್ತಿದಾಗ ಎಡ ಬಲವಾಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನದ ಪಾಠ ಅದು. ಆದರೆ ಮಗಳು ಕಣ್ಣೆದುರು ಬಂದು ನಿಂತಿದ್ದಳು. ಕಂಡಂತೆಯೇ ಕೊರೆದುಬಿಟ್ಟರು. ಹುಡುಗಿ ಯಾವ ಕಡೆ ನೋಡಿದರೇನಂತೆ, ಮೇಲಿನವರು ಒಪ್ಪಿಕೊಂಡರು.

ಹೊಸ ನಾಣ್ಯವನ್ನು ಅತ್ತೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಇವಳು ನಮ್ಮವಳಲ್ಲ ಕಣ್ರೀ. ಮಚ್ಚೆ ಈ ಕಡೆ ಎಲ್ಲಿತ್ತು?"

"ಮೂಲ ಅಚ್ಚಲ್ಲಿ ಸರಿಯಾಗಿದಾಳೆ ಕಣೇ."

"ಹಾಗಾದ್ರೆ ಅದನ್ನೇ ಒಂದ್ಸಲ ತೋರಿಸಿ."

ಅಚ್ಚು ಟಂಕಸಾಲೆಯ ಬಾಗಿಲು ದಾಟುವಂತಿಲ್ಲ, ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಆರು ವರ್ಷ ಮಾವ ದಿನಾ ಬೆಳಿಗ್ಗೆ ಅದನ್ನು ಎಣ್ಣೆಬಟ್ಟೆಯಿಂದ ಒರೆಸಿ ನೋಡಿ ಬಂದರು. ಸಂಜೆ ಅತ್ತೆ, "ಹೇಗಿದಾಳೆ?" ಎಂದು ಕೇಳುವರು.

ಆಮೇಲೆ ಆ ನಾಣ್ಯ ನಿಂತುಹೋಯಿತು. ನಿಂತ ನಾಣ್ಯದ ಅಚ್ಚನ್ನು ಕೊರೆದವನೇ ಉಳಿ ಹಾಕಿ ಕೆಡಿಸಬೇಕು, ಅದು ಅಲ್ಲಿನ ನಿಯಮ. ಹೆಂಡತಿಗೆ ಒಮ್ಮೆ ತೋರಿಸಿ ತಂದುಬಿಡುತ್ತೇನೆಂದು ಮಾವ ಮೇಲ್ವಿಚಾರಕನ ಕೈಹಿಡಿದು ಬೇಡಿಕೊಂಡರು.

"ನನ್ನ ಕೆಲಸ ಹೋಗುತ್ತೆ ಅಣ್ಣಾ," ಎಂದ ಆತ ತಲೆ ಎತ್ತಲಿಲ್ಲ.

ಮೊದಲ ಏಟು ಕೂದಲ ಮೇಲೆ ಬಿತ್ತು.

"ಮುಖದ ಮೇಲೆ ಬೀಳಬೇಕು ಅಣ್ಣಾ."

ಆ ಸಂಜೆ ಅತ್ತೆ ಬಾಗಿಲಲ್ಲೇ ಕಾದಿದ್ದರು. "ಎಲ್ಲಿಗೆ ಬಿತ್ತು?"

"ತೆನೆಗೆ. ಮುಖಕ್ಕೆ ಏನೂ ಆಗ್ಲಿಲ್ಲ."

ಅತ್ತೆ ಅದನ್ನು ನಂಬಿಕೊಂಡೇ ಕಣ್ಣು ಮುಚ್ಚಿದರು. ಇಷ್ಟು ಹೇಳಿ ಮಾವ ಗೋಡೆಯ ಕಡೆ ತಿರುಗಿ ಕೂತರು. ಆ ಸುಳ್ಳನ್ನು ಭಗವಂತ ಮನ್ನಿಸಲಿ ಎಂದು ನಾನು ದಿನವೂ ಕೇಳಿಕೊಳ್ಳುತ್ತೇನೆ.