ನೊಣ ಬಿಟ್ಟ ನಾಯಿ

ನನಗೆ ನೊಣ ಕಂಡರಾಗದು. ಸವದತ್ತಿ ತಾಲೂಕಿನ ಈ ಹಳ್ಳಿಯ ದನದ ದವಾಖಾನೆಗೆ ಡಾಕ್ಟರಾಗಿ ಬಂದ ಹೊಸದರಲ್ಲಿ ನಾನು ಮಾಡಿಸಿದ ಮೊದಲ ಕೆಲಸವೆಂದರೆ ಕಿಟಕಿಗೆ ಜಾಳಿಗೆ ಹೊಡೆಸಿದ್ದು. ಒಳಗೆ ಸಗಣಿ, ಗಂಜಲ, ಗಾಯದ ಮುಲಾಮು ಎಲ್ಲ ಇಟ್ಟುಕೊಂಡು ನೊಣ ಬರಬೇಡ ಅಂದರೆ ಕೇಳುತ್ತವೆಯೇ? ಬಾಗಿಲಲ್ಲಿ ರಾಜಾರೋಷವಾಗಿ ಬರುತ್ತಿದ್ದವು. ನಾನೂ ಹಟ ಬಿಡದೆ ಸುರುಳಿ ಸುತ್ತಿದ ಪೇಪರ್ ಹಿಡಿದು ಪಟಾರನೆ ಬಾರಿಸುತ್ತಿದ್ದೆ.

ಒಂದು ಮುಂಜಾನೆ ಹಾಗೆ ಬಾರಿಸುತ್ತಿರುವಾಗಲೇ ಮನೋಳಿ ಕಡೆಯಿಂದ ಒಬ್ಬ ಅಜ್ಜಿ ಸೊಸೆಯೊಡನೆ ಆಟೋದಲ್ಲಿ ಬಂದಿಳಿದರು. ನಮ್ಮಲ್ಲಿ ಅಜ್ಜಿಗೆ ಆಯಿ ಅನ್ನುತ್ತೇವೆ. ಆಯಿಯ ಕಂಕುಳಲ್ಲಿ ಟವೆಲ್ ಸುತ್ತಿದ ಬಿಳಿ ಪಮೇರಿಯನ್ ನಾಯಿ, ಅದರ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಬಲಗಣ್ಣು ಕೆಂಪಾಗಿ ಉಬ್ಬಿತ್ತು, ಮೇಲ್ಪದರ ಬಚ್ಚಲುಮನೆಯ ಗಾಜಿನ ಹಾಗೆ ಮಬ್ಬಾಗಿತ್ತು. ಎಡಗಣ್ಣನ್ನು ನಾಯಿ ಬಿಗಿಯಾಗಿ ಮುಚ್ಚಿಕೊಂಡಿತ್ತು.

"ಊಟಾ ಮಾಡತೈತೇನ್ರಿ? ಸ್ವಭಾವದಾಗ ಏನರ ಫರಕ್ ಬಂದೈತಿ?" ಎಂದೆ.

"ಸ್ವಭಾವ ಭಾಳ ಚೊಲೋ ಆಗೇತ್ರಿ!" ಆಯಿಯ ಮುಖ ಅರಳಿತು. "ಮೊದಲ ಕುಂತಲ್ಲೇ ಗಾಳ್ಯಾಗ ನೊಣಾ ಹಿಡದು ಗಪ್ಪನ ನುಂಗತಿತ್ತು. ಪಾಪ ಕಟ್ಟಿಕೋಬ್ಯಾಡೋ ಅಂತ ದಿನಾ ಬೈತಿದ್ದೆ. ಈಗ ನೋಡ್ರಿ, ಮೂಗಿನ ಮ್ಯಾಲ ಕುಂತ್ರೂ ಸುಮ್ಮನ ಇರತೈತಿ. ಶರಣ ಆಗೇತಿ ನಮ್ಮ ಕೂಸು."

"ಓಣಿ ತುಂಬ ಡಂಗುರಾ ಹೊಡದಾರ್ರಿ ನಮ್ಮ ಅತ್ತಿ," ಎಂದಳು ಸೊಸೆ. "ಮಂದಿ ಬಂದು ನೋಡಿ ಹೋಗ್ಯಾರ."

ಆಯಿಯ ಮಾತಿಗೆ ಸಾಕ್ಷಿ ಹೇಳಲು ಬಂದಂತೆ ಒಂದು ನೊಣ ನಾಯಿಯ ಮೂಗಿನ ತುದಿಯ ಮೇಲೆ ಕೂತು, ಕೈ ಉಜ್ಜಿಕೊಂಡು, ಹಾಯಾಗಿ ಹಾರಿಹೋಯಿತು. ನಾಯಿ ಮಿಸುಕಲಿಲ್ಲ. "ನೋಡಿದ್ರಿಲ್ಲೋ?" ಎಂದು ನನ್ನನ್ನು ಕೇಳಿ, ಆಯಿ ಸೊಸೆಯ ಕಡೆ ತಿರುಗಿ ಹುಬ್ಬು ಹಾರಿಸಿದರು. ನನಗೆ ನಗು ಬರಲಿಲ್ಲ. ರೆಪ್ಪೆಯ ಮೇಲಿಂದ ಮೆಲ್ಲಗೆ ಬೆರಳೊತ್ತಿ ನೋಡಿದೆ. ಬಲಗಣ್ಣು ಆಡುವ ಗೋಲಿಯಂತೆ ಗಟ್ಟಿಯಾಗಿತ್ತು.

ಇದು ಗ್ಲಾಕೋಮಾ ಇರಬೇಕು ಅನ್ನಿಸಿತು. ಕಣ್ಣಿನೊಳಗೆ ನೀರು ಹುಟ್ಟುತ್ತಲೇ ಇರುತ್ತದೆ, ಮೂಲೆಯಲ್ಲಿ ಬಸಿದು ಹೋಗುತ್ತಲೂ ಇರುತ್ತದೆ. ಬಸಿಯುವ ದಾರಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ. ಯಾಕೆ ಕಟ್ಟಿಕೊಂಡಿದೆ ಎಂದು ಬ್ಯಾಟರಿ ಬಿಟ್ಟು ನೋಡೋಣವೆಂದರೆ ಮಬ್ಬಿನಾಚೆ ಏನೂ ಕಾಣದು. ಉಳಿದ ದಾರಿ ಒಂದೇ, ಸ್ಕ್ಯಾನಿಂಗ್ ಮಷೀನು. ಅದನ್ನೂ ಅದರ ಕೋಲನ್ನೂ ತೆಗೆದು ಮೇಜಿನ ಮೇಲಿಟ್ಟೆ.

ಹೊರಗೆ ಎಮ್ಮೆ ಹಿಡಿದುಕೊಂಡು ಪಾಳಿ ಕಾಯುತ್ತಿದ್ದ ರೈತನೊಬ್ಬ ಬಾಗಿಲಲ್ಲಿ ಇಣುಕಿದ. "ಡಾಕ್ಟರ್ ಬಾಯಾರ, ಅದು ಗಬ್ಬಾ ನೋಡೂ ಮಷೀನ್ ಅಲ್ಲೇನ್ರಿ? ನಾಯಿ ಗಂಡೈತ್ರಿ!"

"ನಿಮ್ಮ ಎಮ್ಮಿ ನೀವು ನೋಡಕೋರಿ," ಎಂದು ಗದರಿದೆ.

ಆದರೆ ಆಗಬಾರದ್ದು ಆಗಿಹೋಗಿತ್ತು. ಆಯಿ ಮಷೀನಿನ ಕೋಲನ್ನೂ ಹೊರಗಿನ ಎಮ್ಮೆಯನ್ನೂ ನೋಡಿದರು. ಕೋಲನ್ನು ಎಮ್ಮೆಯ ಎಲ್ಲಿ ತೂರಿಸಿ ಗಬ್ಬ ನೋಡುತ್ತೇವೆಂಬುದು ಈ ಕಡೆ ಯಾರಿಗೆ ಗೊತ್ತಿಲ್ಲ?

"ಯವ್ವಾ ಯವ್ವಾ! ಎಮ್ಮಿ ಹಿಂದ ಹಾಕೂ ಕೋಲು ನಮ್ಮ ಕೂಸಿನ ಕಣ್ಣಿಗೆ? ಈಬತ್ತಿ ಹಚ್ಚಿದ ಹಣಿ ಐತ್ರಿ ಅದು!"

ಬಿಸಿನೀರಲ್ಲಿ ತೊಳೆದೆ. "ಇನ್ನೊಮ್ಮಿ," ಎಂದರು. ಸಾಬೂನು ಹಚ್ಚಿ ತೊಳೆದೆ, ಸ್ಪಿರಿಟ್‌ನಲ್ಲಿ ಒರೆಸಿದೆ. ಮೂಸಿ ನೋಡಿದರು. "ಇನ್ನೊಮ್ಮಿ." ನನ್ನ ಸಿಟ್ಟು ನೆತ್ತಿಗೇರಿತು, ಆದರೂ ಹಲ್ಲು ಕಚ್ಚಿ ತೊಳೆದೆ. ಹೊಸ ಕೈಗವಸಿನೊಳಗೆ ಜೆಲ್ ತುಂಬಿ ಅದನ್ನು ಕೋಲಿಗೆ ತೊಡಿಸಿದ ಮೇಲೆ ಆಯಿ "ಹೂಂ, ಹಿಡೀರಿ," ಎಂದು ಅಪ್ಪಣೆ ಕೊಟ್ಟರು.

ಕಣ್ಣಿಗೆ ಮರಗಟ್ಟಿಸುವ ಹನಿ ಬಿಟ್ಟು, ಕೋಲನ್ನು ಭಾರ ಬೀಳದಂತೆ ಬಲಗಣ್ಣಿಗೆ ತಾಗಿಸಿದೆ. ಪರದೆಯ ಮೇಲೆ ಕಣ್ಣುಗುಡ್ಡೆ ಕಪ್ಪನೆಯ ಉಂಡೆಯಾಗಿ ಮೂಡಿತು. ನಡುವೆ ಇರಬೇಕಾದ ಲೆನ್ಸು ಜಾರಿ ಮುಂದೆ ಬಂದು, ನೀರು ಬಸಿಯುವ ದಾರಿಗೇ ಅಡ್ಡ ಕೂತಿತ್ತು. ಹಿಂದಿನ ತೆಳು ಪದರ ಗೋಡೆಯಿಂದ ಕಿತ್ತುಬಂದು ಗಾಳಿಗೆ ಹಾರುವ ಸೆರಗಿನ ಹಾಗೆ ತೇಲುತ್ತಿತ್ತು. ಈ ಕಣ್ಣಿನಲ್ಲಿ ನೋಟ ಉಳಿದಿರಲಿಲ್ಲ, ನೋವು ಮಾತ್ರ ಉಳಿದಿತ್ತು. ಎಡಗಣ್ಣನ್ನೂ ಹಾಗೆಯೇ ನೋಡಿ, ಎರಡರ ಚಿತ್ರಗಳನ್ನೂ ಧಾರವಾಡದಲ್ಲಿ ಪ್ರಾಣಿಗಳ ಕಣ್ಣಿನದೇ ಕೆಲಸ ಮಾಡುವ ನನ್ನ ಗೆಳತಿಗೆ ಫೋನಿನಲ್ಲಿ ಕಳಿಸಿದೆ. ಅವಳೂ ಅದನ್ನೇ ಹೇಳಿದಳು: ಬಲಗಣ್ಣು ತೆಗೆದುಬಿಡುವುದೇ ಒಳ್ಳೆಯದು, ಎಡಗಣ್ಣಿನ ಲೆನ್ಸು ಇನ್ನೂ ಜಾಗದಲ್ಲಿದೆ, ಆದರೆ ಅದರ ಹಿಡಿತವೂ ಸಡಿಲಾಗಿರಬಹುದು, ದಿನವೂ ಹನಿ ಬಿಟ್ಟು ಕಾಪಾಡಬೇಕು.

"ನೋಯತೈತೇನ್ರಿ ಅದಕ್ಕ?" ಆಯಿ ಕೇಳಿದರು.

"ಹೌದ್ರಿ ಆಯಿ. ತಲಿ ಒಡದು ಹೋಗೂವಂಗ ನೋಯತೈತಿ. ಕಣ್ಣ ತೆರಿಯಾಕೂ ಆಗವಲ್ದು. ಅದಕ್ಕ ನೊಣಾ ಬಿಟ್ಟೈತಿ."

ಆಯಿ ಸೆರಗಿನ ತುದಿಯಿಂದ ನಾಯಿಯ ಮೂಗು ಒರೆಸಿದರು. "ಅದು ನೋವು ತಿನ್ನಾಕ ಹತ್ತಿತ್ತು. ನಾ ಓಣಿ ತುಂಬ ಹೊಗಳಕೋಂತ ತಿರಗಿದ್ನೆಲ್ಲವ್ವಾ," ಎಂದರು. ಆಮೇಲೆ ಅವರು ಕೇಳಿದ್ದು ಒಂದೇ ಮಾತು: "ಎಡಗಣ್ಣರ ಉಳಿತೈತಿಲ್ಲೋ?"

"ದಿನಾ ತಪ್ಪದಂಗ ಹನಿ ಬಿಡ್ರಿ, ನೋಡೂಣ್ರಿ," ಎಂದು ಚೀಟಿ ಬರೆದುಕೊಟ್ಟೆ.

ಧಾರವಾಡದಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಹೊಲಿಗೆ ಮಾದು, ಕೂದಲು ಮತ್ತೆ ಚಿಗುರಿದ ಮೇಲೆ ಆಯಿ ಎಡಗಣ್ಣು ತೋರಿಸಲು ನನ್ನಲ್ಲಿಗೆ ಬಂದರು. ನಾಯಿ ಸದಾ ಕಣ್ಣು ಹೊಡೆಯುವ ತುಂಟನಂತೆ ಕಾಣುತ್ತಿತ್ತು. ಆಯಿ ಚೀಲದಿಂದ ಮೊದಲು ಹೊರತೆಗೆದದ್ದು ಕಾಗದ ಬಿಚ್ಚದ ಹೊಸ ಸಾಬೂನು. "ಕೋಲು ತೊಳೀರಿ," ಎಂದರು.

ತೊಳೆದು, ಎಡಗಣ್ಣಿಗೆ ತಾಗಿಸಿ ನೋಡಿದೆ. ಲೆನ್ಸು ನಡುವಿನಲ್ಲೇ ಇತ್ತು, ಹಿಂದಿನ ಪದರ ಗೋಡೆಗೆ ಅಂಟಿಕೊಂಡೇ ಇತ್ತು. "ಎಲ್ಲಾ ಜಾಗದಾಗ ಐತ್ರಿ!" ಎಂದೆ.

"ಅಂದ್ರ ಕಾಣತೈತೇನ್ರಿ?"

"ಮನಿ ಬಿದ್ದಿಲ್ಲ ಅಂತ ಮಷೀನು ಹೇಳತೈತ್ರಿ. ಒಳಗ ದೀಪ ಉರಿಯಾಕ ಹತ್ತೇತೋ ಇಲ್ಲೋ ಅನ್ನೂದು ಅದಕ್ಕ ಗೊತ್ತಾಗೂದಿಲ್ಲ."

"ಇಷ್ಟೆಲ್ಲಾ ತೊಳದು ತೊಳದು ನೋಡಿದ ಮ್ಯಾಲೂ ಅಷ್ಟ ಏನ್ರಿ!" ಆಯಿ ರೇಗಿದರು. ಆಯಿ ರೇಗಿದ್ದೂ ಸರಿಯೇ ಅನ್ನಿಸಿತು. ನಾಯಿಯ ಮುಂದೆ ಹತ್ತಿಯ ಉಂಡೆ ಬೀಳಿಸಿ, ಕಣ್ಣು ಅದರ ಹಿಂದೆ ಹೋಗುತ್ತದೆಯೇ ಎಂದು ಪರೀಕ್ಷೆ ಮಾಡಿದೆ. ಅದಕ್ಕೆ ನನ್ನ ಮೇಲೆ ಎಂಥ ಸಿಟ್ಟಿತ್ತೋ, ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟಿತು. ಕರೆದರೂ ತಿರುಗಲಿಲ್ಲ. ಸೊಸೆ ಆಯಿಯ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

ಅಷ್ಟರಲ್ಲಿ ಬಾಗಿಲಿನಿಂದ ಒಂದು ನೊಣ ಬಂತು. ರೂಢಿಯಂತೆ ನನ್ನ ಕೈ ಪೇಪರಿಗೆ ಹೋಯಿತು. ನಾಯಿಯ ಕಿವಿ ನೆಟ್ಟಗಾಯಿತು. ನೊಣ ಎಡಕ್ಕೆ ತಿರುಗಿತು, ನಾಯಿಯ ಮೂತಿಯೂ ಎಡಕ್ಕೆ ತಿರುಗಿತು. ನೊಣ ಮೇಲಕ್ಕೆ ಹೋಯಿತು, ಮೂತಿಯೂ ಮೇಲಕ್ಕೆ ಹೋಯಿತು. ನೊಣ ಸದ್ದಿಲ್ಲದೆ ಗೋಡೆಯ ಮೇಲೆ ಕೂತಿತು, ಒಂಟಿಗಣ್ಣು ಅಲ್ಲೇ ನೆಟ್ಟಿತು. ನಾನು ಪೇಪರ್ ಕೆಳಗಿಟ್ಟೆ. ನೊಣ ಮತ್ತೆ ಹಾರಿತು, ನಾಯಿ ಒಮ್ಮೆ ಬಾಯಿ ಹಾಕಿತು, ನೊಣ ತಪ್ಪಿಸಿಕೊಂಡಿತು. ಮರುಕ್ಷಣ ಗಪ್!

"ತಿಂತು!" ಆಯಿ ಚೀರಿದರು. "ಯಪ್ಪಾ ಶಿವನ, ನೊಣಾ ತಿಂತ್ರಿ! ನಮ್ಮ ಕೂಸು ಹೊಳ್ಳಿ ಪಾಪ ಮಾಡಾಕ ಹತ್ತೇತ್ರಿ!" ನಾಯಿಯನ್ನು ಅವುಚಿಕೊಂಡು ಒಂದೇ ಸಮ ಅತ್ತರು. ಅದರ ಹಣೆಯ ವಿಭೂತಿಯೆಲ್ಲ ಅವರ ಕೆನ್ನೆಗೆ ಮೆತ್ತಿಕೊಂಡಿತು. "ಇನ್ನೊಂದ ಹಿಡಿಯೋ ಯಪ್ಪಾ. ಇನ್ನ ನಾ ಬೈಯೂದಿಲ್ಲ."

ನನ್ನ ಕಣ್ಣೂ ಒದ್ದೆಯಾಗಿತ್ತು. ಸುತ್ತ ನೋಡಿದರೆ, ಬೇಕೆಂದಾಗ ಕೋಣೆಯಲ್ಲಿ ಒಂದು ನೊಣವೂ ಇಲ್ಲ. ಎದ್ದು ಹೋಗಿ ಕಿಟಕಿಯ ಜಾಳಿಗೆಯನ್ನು ಕಿತ್ತು ತೆಗೆದೆ.