ಬಫಲೋದಿಂದ ಬರುವ ಮೇಣದಬತ್ತಿ

ಅಬುಧಾಬಿಯ ಖಲೀಫಾ ಸಿಟಿಯ ಒಂದು ವಿಲ್ಲಾದ ನಡುವೆ ಮಾಲೀಕ ಗೋಡೆ ಎಬ್ಬಿಸಿ ಎರಡು ಮನೆ ಮಾಡಿದ್ದಾನೆ. ಒಂದರಲ್ಲಿ ಬೆಳ್ಮಣ್ಣಿನ ಕ್ಯಾಮಿಲಸ್ ಮತ್ತು ಅವನ ಹೆಂಡತಿ ಎಮಿಲಿಯಾ. ಇನ್ನೊಂದರಲ್ಲಿ, ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇರುವ ಕಾಪುವಿನ ಶಾಮಸುಂದರ. ಅಬುಧಾಬಿಗೆ ಬಂದ ಹೊಸತರಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಪಾತ್ರೆಯಲ್ಲಿ ಕುಚ್ಚಲಕ್ಕಿ ಬೇಯಿಸಿಕೊಂಡವರು. ಆಮೇಲೆ ಕ್ಯಾಮಿಲಸ್ ಕೆನಡಾಕ್ಕೆ ಹೋಗಿ ಅಲ್ಲಿಯ ಪಾಸ್‌ಪೋರ್ಟ್ ಮಾಡಿಕೊಂಡು ತಿರುಗಿ ಬಂದ, ಶಾಮಸುಂದರ ಅಮೆರಿಕಕ್ಕೆ ಹೋಗಿ ಅಲ್ಲಿಯದು. ಹೀಗೆ ಹೋಗಿ ಹೀಗೆ ಬರುವವರು ಗಲ್ಫಿನಲ್ಲಿ ಬೇಕಾದಷ್ಟಿದ್ದಾರೆ. ಕುರ್ಚಿ ಅದೇ, ಕೆಲಸ ಅದೇ, ಪಾಸ್‌ಪೋರ್ಟಿನ ಬಣ್ಣ ಬದಲಾದರೆ ಮರ್ಯಾದೆ ಬದಲಾಗುತ್ತದೆ. ಬಾಯಿಬಿಟ್ಟು ಹೇಳುವವರಿಲ್ಲ, ಗೊತ್ತಿಲ್ಲದವರೂ ಇಲ್ಲ.

ಕ್ಯಾಮಿಲಸನ ಮಟ್ಟಿಗೆ ಮಾತು ಅಲ್ಲಿಗೇ ಮುಗಿಯುವುದಿಲ್ಲ. ಕೆನಡಾದ ಹ್ಯಾಮಿಲ್ಟನ್ ಎಂಬ ಊರಿನಲ್ಲಿ ಅವನು ಗೋದಾಮಿನ ಪೆಟ್ಟಿಗೆ ಹೊತ್ತು ಸಂಸಾರ ನಡೆಸಿದ. ಒಬ್ಬನೇ ಮಗ ಶಾನ್ ಕಾಲೇಜು ಸೇರಿದ ವರ್ಷವೇ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿತು. ಅಲ್ಲಿನ ಆಸ್ಪತ್ರೆಯವರು ನೀನು ಯಾವ ದೇಶದವನು, ಎಷ್ಟು ಕೊಡುತ್ತೀ ಎಂದು ಕೇಳಲಿಲ್ಲ. ಮನೆಯ ಹುಡುಗನನ್ನು ನೋಡಿಕೊಂಡಂತೆ ನೋಡಿಕೊಂಡರು. ಆದರೂ ಶಾನ್ ಉಳಿಯಲಿಲ್ಲ. ಹಿಮ ಕೆರೆದು ತೋಡಿದ ಮಣ್ಣಿನಲ್ಲಿ ಮಗನನ್ನು ಇಟ್ಟು ಬಂದ ಮೇಲೆ ಗಂಡ ಹೆಂಡತಿಗೆ ಆ ಊರಲ್ಲಿ ಉಸಿರು ಕಟ್ಟಿತು. ಈಗ ಅವನು ದಿನಾ ಬೆಳಿಗ್ಗೆ ಜೆಬೆಲ್ ಅಲಿ ಬಂದರಿಗೆ ಕಾರು ಓಡಿಸಿಕೊಂಡು ಹೋಗಿ ಕಂಟೇನರುಗಳ ಉಸ್ತುವಾರಿ ಮಾಡುತ್ತಾನೆ.

ಹ್ಯಾಮಿಲ್ಟನ್ನಿನಲ್ಲಿದ್ದಾಗ ಅವನು ಕೆನಡಾದವರ ಒಂದು ರೀತಿಯನ್ನೂ ಕಲಿತಿದ್ದ. ಅಮೆರಿಕದವರ ಮಾತು ಬಂದರೆ ಮೂಗು ಮುರಿಯುವುದು, ರಜೆ ಬಂದರೆ ಗಡಿ ದಾಟಿ ಅವರದೇ ಅಂಗಡಿಯಿಂದ ಅಗ್ಗದ ಹಾಲು, ಚೀಸ್ ತುಂಬಿಕೊಂಡು ಬರುವುದು. "ಒಳ್ಳೆಯ ಜನ, ಗಂಟಲು ಮಾತ್ರ ದೊಡ್ಡದು" ಎಂದು ಪಕ್ಕದ ಮನೆಯ ಮುದುಕ ನಗುತ್ತಿದ್ದ. ಕುಟುಂಬದಲ್ಲೊಬ್ಬ ಸಿರಿವಂತ ಭಾವ ಇರುತ್ತಾನಲ್ಲ, ಅವನ ಮನೆಯ ಊಟ ಬೇಕು, ಬಡಾಯಿ ಬೇಡ, ಹಾಗೆ. ಕ್ಯಾಮಿಲಸನಿಗೆ ಆ ಗಡಿ ಊರಿನ ಹೆದ್ದಾರಿಯ ಹೆಜಮಾಡಿ ಟೋಲ್‌ಗೇಟಿಗಿಂತ ದೊಡ್ಡದಾಗಿ ಎಂದೂ ಕಂಡಿರಲಿಲ್ಲ.

ಗಡಿಯ ಆಚೆ, ಬಫಲೋದಲ್ಲಿ, ಶಾಮಸುಂದರನ ಮಗಳು ಅಶ್ಮಿತಾ ಇದ್ದಳು. ಶಾನನಿಗಿಂತ ದೊಡ್ಡವಳು. ಅಬುಧಾಬಿಯಲ್ಲಿ ಎಮಿಲಿಯಾಳ ಕೈತುತ್ತು ತಿಂದು ಬೆಳೆದ ಹುಡುಗಿ. ಶಾನ್ ಆಸ್ಪತ್ರೆಯಲ್ಲಿದ್ದಾಗ ವಾರ ವಾರವೂ ಗಡಿಯ ಸೇತುವೆ ದಾಟಿ ಬಂದು ಅವನ ಪಕ್ಕ ಕೂರುತ್ತಿದ್ದಳು. ಅವನು ಹೋದ ಮೇಲೆ, ಸತ್ತವರಿಗಾಗಿ ಕ್ರೈಸ್ತರು ಸಮಾಧಿಗಳಲ್ಲಿ ದೀಪ ಹಚ್ಚುವ ನವೆಂಬರ್ ಎರಡನೇ ತಾರೀಕು, ಕ್ರೈಸ್ತಳಲ್ಲದ ಈ ಹುಡುಗಿ ತಪ್ಪದೆ ಹ್ಯಾಮಿಲ್ಟನ್ನಿಗೆ ಹೋಗುತ್ತಿದ್ದಳು. ಕಲ್ಲು ಒರೆಸಿ, ಮೇಣದಬತ್ತಿ ಹಚ್ಚಿ, ಗಂಡ ಹೆಂಡತಿ ಇಬ್ಬರಿಗೂ ಫೋಟೋ ಕಳಿಸುತ್ತಿದ್ದಳು. ಎಮಿಲಿಯಾ ಇಡೀ ವರ್ಷ ಬದುಕುತ್ತಿದ್ದುದೇ ಆ ಫೋಟೋದ ಮೇಲೆ ಎಂದರೂ ಸುಳ್ಳಲ್ಲ.

ಎರಡು ಸಾವಿರದ ಇಪ್ಪತ್ತೈದರಲ್ಲಿ ಗಾಳಿ ತಿರುಗಿತು. ಕೆನಡಾದ ಸರಕಿನ ಮೇಲೆ ಅಮೆರಿಕ ಸುಂಕ ಹೇರಿತು. ಕೆನಡಾವನ್ನೇ ತನ್ನ ಐವತ್ತೊಂದನೇ ರಾಜ್ಯ ಮಾಡಿಕೊಳ್ಳುವ ಮಾತು ದೊಡ್ಡವರ ಬಾಯಲ್ಲೇ ಬಂತು. ಕೆನಡಾದ ಕ್ಯಾಲ್ಗರಿಯಲ್ಲಿರುವ ದಾಯಾದಿ ನೆಲ್ಸನ್ ದಿನಾ ಮೆಸೇಜು ಕಳಿಸಿದ: ನಮ್ಮವರು ಅಮೆರಿಕದ ಪ್ರವಾಸ ರದ್ದು ಮಾಡುತ್ತಿದ್ದಾರೆ, ಅವರ ಸಾಮಾನು ಮುಟ್ಟುವುದಿಲ್ಲ, ಆಟದ ಮೈದಾನದಲ್ಲಿ ಅವರ ರಾಷ್ಟ್ರಗೀತೆಗೆ ಹುಯಿಲೆಬ್ಬಿಸುತ್ತಾರೆ. ಓದಿ ಓದಿ ಕ್ಯಾಮಿಲಸನ ರಕ್ತ ಕುದಿಯಿತು. ಸೂಪರ್‌ಮಾರ್ಕೆಟ್ಟಿನಲ್ಲಿ ಕನ್ನಡಕ ಏರಿಸಿ ಸೇಬಿನ ಚೀಟಿ ಓದಲು ಶುರು ಮಾಡಿದ. ಅಮೆರಿಕದ್ದೆಂದು ಮನೆಯ ಕೆಚಪ್, ಬಾದಾಮಿ ಹೊರಬಿದ್ದವು. "ಬಾದಾಮಿ ನಿಮಗೆ ಎಂತ ಮಾಡಿತು?" ಎಂದಳು ಎಮಿಲಿಯಾ.

ಶಾಮಸುಂದರನಿಗೆ ಇದೆಲ್ಲ ತಮಾಷೆ. ಅವನ ನಾಲಗೆಗೆ ಮೊದಲಿಂದಲೂ ಮೂಳೆಯಿಲ್ಲ. ಶನಿವಾರ ಸಂಜೆ ಅಂಗಳದಲ್ಲಿ ಚಾ ಕುಡಿಯಲು ಕೂತಾಗಲೆಲ್ಲ, "ಬನ್ನಿ ಬನ್ನಿ, ನಮ್ಮ ಐವತ್ತೊಂದನೇ ರಾಜ್ಯದವರು ಬಂದ್ರು!" ಎನ್ನುವನು. ಮೊದಲ ಸಲ ಕ್ಯಾಮಿಲಸ್ ನಕ್ಕ. ಎರಡನೇ ಸಲ ಹಲ್ಲು ಕಚ್ಚಿದ. ಅಕ್ಟೋಬರಿನ ಒಂದು ಸಂಜೆ ಶಾಮಸುಂದರ ಒಂದು ಹೆಜ್ಜೆ ಮುಂದೆ ಹೋದ.

"ಎಂತಕ್ಕೆ ಇಷ್ಟು ಸಿಟ್ಟು ಮಾರಾಯ? ಆ ದೇಶದಲ್ಲಿ ನಿನ್ನದು ಎಂತ ಉಂಟು? ಪಾಸ್‌ಪೋರ್ಟ್ ಒಂದೇ ಅಲ್ವಾ?"

ಹೇಳಿದ ಕ್ಷಣವೇ ಅವನ ಮುಖ ಬಿಳಿಚಿತು. ಆದರೆ ಮಾತು ಹೊರಬಿದ್ದಾಗಿತ್ತು. ಎಮಿಲಿಯಾ ಒಳಗೆ ಬಂಗುಡೆ ಹುರಿಯುತ್ತಿದ್ದಳು, ಅವಳಿಗೆ ಕೇಳಿಸಲಿಲ್ಲ. ಕ್ಯಾಮಿಲಸ್ ಚಾದ ಲೋಟ ಕೆಳಗಿಟ್ಟ. "ಖಲಾಸ್, ಶಾಮ. ಇನ್ನು ನಿನ್ನದು ನಿನಗೆ, ನನ್ನದು ನನಗೆ" ಎಂದು ಎದ್ದು ಹೋದ. ಎರಡು ಅಂಗಳಗಳ ನಡುವಿನ, ಯಾರೂ ಎಂದೂ ಹಾಕದ ಬಾಗಿಲಿಗೆ ಅಂದು ಚಿಲಕ ಬಿತ್ತು.

ಅಷ್ಟಕ್ಕೇ ನಿಂತಿದ್ದರೆ ದೋಸ್ತಿಯ ಮುನಿಸು ನಾಲ್ಕು ದಿನದಲ್ಲಿ ಇಳಿಯುತ್ತಿತ್ತು. ಆದರೆ ಸಿಟ್ಟು ಬಂದವನ ಕೈಯಲ್ಲಿ ಫೋನ್ ಇರಬಾರದು. ಅವನು ಅಶ್ಮಿತಾಳಿಗೆ ಬರೆದ: ಈ ವರ್ಷದಿಂದ ನೀನು ಶಾನ್ ಹತ್ತಿರ ಹೋಗುವುದು ಬೇಡ, ಅಮೆರಿಕದವರು ಯಾರೂ ಹೋಗುವುದು ಬೇಡ, ನಮ್ಮವರು ನೋಡಿಕೊಳ್ಳುತ್ತಾರೆ. ಹುಡುಗಿಯಿಂದ 'ಓಕೆ ಅಂಕಲ್' ಎಂದಷ್ಟೇ ಬಂತು. ನಮ್ಮವರು ಎಂದರೆ ನೆಲ್ಸನ್. ಕ್ಯಾಲ್ಗರಿಯಿಂದ ಹ್ಯಾಮಿಲ್ಟನ್ನಿಗೆ ವಿಮಾನ ಹತ್ತಬೇಕು, ಆದರೂ ಅವನು, "ಟೊರೊಂಟೊದಲ್ಲಿ ನನ್ನ ಫ್ರೆಂಡ್ ಇದ್ದಾನೆ, ಅವನನ್ನು ಕಳಿಸುತ್ತೇನೆ, ಟೆನ್ಷನ್ ಬೇಡ" ಎಂದಿದ್ದ. ಎಮಿಲಿಯಾಳಿಗೆ ಕ್ಯಾಮಿಲಸ್ ಒಂದು ಮಾತನ್ನೂ ಹೇಳಲಿಲ್ಲ. ಫೋಟೋ ಬಂದರೆ ಸಾಕು, ಯಾರು ಕಳಿಸಿದರು ಎಂದು ಆಮೇಲೆ ಹೇಳಿದರಾಯಿತು ಎಂದುಕೊಂಡ.

ನವೆಂಬರ್ ಎರಡು ಬಂತು. ಮುಸಫ್ಫಾದ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದರು. ಫೋಟೋ ಬರಲಿಲ್ಲ. ಮರುದಿನ ಬೆಳಿಗ್ಗೆಯೂ ಬರಲಿಲ್ಲ. ಕ್ಯಾಮಿಲಸ್ ಕಾರಿನಲ್ಲೇ ಕೂತು ನೆಲ್ಸನನಿಗೆ ಫೋನ್ ಮಾಡಿದ.

"ಅಯ್ಯೋ, ಸಾರಿ ಮಾರಾಯ! ನಿನ್ನೆ ರಾತ್ರಿ ಬೇಸ್‌ಬಾಲ್ ಫೈನಲ್ ಅಲ್ವಾ, ಟೊರೊಂಟೊ ಮತ್ತು ಅಮೆರಿಕದವರದ್ದು. ಇಡೀ ದೇಶವೇ ಎದ್ದು ಕೂತಿತ್ತು. ನಮ್ಮವರು ಸೋತರು. ಆ ಬೇಜಾರಲ್ಲಿ ಅವನಿಗೆ ಮರೆತೇ ಹೋಯ್ತಂತೆ."

ಕ್ಯಾಮಿಲಸ್ ಜೆಬೆಲ್ ಅಲಿಗೆ ಹೋಗಲಿಲ್ಲ. ಒಳಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಎಮಿಲಿಯಾ ಅಳಲಿಲ್ಲ, ಕೂಗಾಡಲಿಲ್ಲ.

"ಆ ಮಗುವಿಗೆ ಬರಬೇಡ ಅಂದ್ರಾ?" ಎಂದಳು. "ಶಾನ್ ನಿಮಗೊಬ್ಬರಿಗೇ ಮಗನಾ? ನನ್ನನ್ನ ಒಂದು ಮಾತು ಕೇಳ್ಲಿಕ್ಕೆ ಇರ್ಲಿಲ್ವಾ?"

ಅವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮಗನ ಮಣ್ಣಿಗೆ ಅವಮಾನವಾಯಿತೆಂದು ಸಿಟ್ಟುಗೊಂಡವನು, ಆ ಮಣ್ಣನ್ನು ತಾನೇ ಕತ್ತಲಲ್ಲಿ ಬಿಟ್ಟಿದ್ದ. ಎಮಿಲಿಯಾ ಎದ್ದು ಹೋಗಿ ನಡುಬಾಗಿಲ ಚಿಲಕ ತೆಗೆದಳು.

ಶಾಮಸುಂದರ ಅಂಗಳದಲ್ಲೇ ಇದ್ದ. ತಮಾಷೆಯ ಮುಖ ಇರಲಿಲ್ಲ. "ಅಶ್ಮಿ ನಿನ್ನೆ ಸೇತುವೆ ತನಕ ಹೋಗಿದ್ದಾಳೆ ಎಮಿಲಿಯಾ. ಹೂವು, ಮೇಣದಬತ್ತಿ ಎಲ್ಲ ಕಾರಲ್ಲೇ ಇತ್ತು. ಅಲ್ಲಿಂದಲೇ ತಿರುಗಿಸಿಕೊಂಡು ಬಂದಳಂತೆ." ಅವಳ ಹಿಂದೆಯೇ ಬಂದು ನಿಂತಿದ್ದ ಕ್ಯಾಮಿಲಸನ ಕಡೆ ತಿರುಗಿದ. "ನನ್ನ ಬಾಯಿ ಹಾಳು. ಅವಳ ಮೇಲೆ ಸಿಟ್ಟು ಬೇಡ."

ಬಫಲೋದಲ್ಲಿ ಬೆಳಗಾಗುವುದನ್ನು ಮೂವರೂ ಕಾದರು. ಕ್ಯಾಮಿಲಸನೇ ಫೋನ್ ಮಾಡಿದ.

"ಅಶ್ಮಿ, ನಾನು ತಪ್ಪು ಮಾಡಿದೆ. ಈ ತಿಂಗಳು ಪೂರ್ತಿ ಸತ್ತವರ ತಿಂಗಳೇ. ಇವತ್ತು ಹೋಗ್ತೀಯಾ ಮಗಾ?"

ಅವಳು ಮೆಲ್ಲನೆ ಹೇಳಿದಳು. "ಅಂಕಲ್, ಬಾರ್ಡರಲ್ಲಿ ಕೇಳ್ತಾರೆ, ಯಾರನ್ನ ನೋಡ್ಲಿಕ್ಕೆ ಬಂದದ್ದು ಅಂತ. ಪ್ರತಿ ವರ್ಷ 'ಮೈ ಬ್ರದರ್' ಅಂತಿದ್ದೆ. ನಿನ್ನೆ ಕ್ಯೂನಲ್ಲಿ ನಿಂತಾಗ, ಹಾಗೆ ಹೇಳ್ಲಿಕ್ಕೆ ಇನ್ನು ನಂಗೆ ರೈಟ್ ಉಂಟಾ ಅಂತ ಗೊತ್ತಾಗ್ಲಿಲ್ಲ. ಅದಕ್ಕೇ ವಾಪಸ್ ಬಂದೆ."

ಎಮಿಲಿಯಾ ಕ್ಯಾಮಿಲಸನ ಕೈಯಿಂದ ಫೋನ್ ತೆಗೆದುಕೊಂಡಳು.

"ಹಾಗೇ ಹೇಳು ಮಗಾ," ಎಂದಳು. "ಅವ ನಿನ್ನ ತಮ್ಮನೇ. ಯಾರು ಕೇಳಿದರೂ ಹಾಗೇ ಹೇಳು."

ಸಂಜೆಯ ಮಗ್ರಿಬ್ ಬಾಂಗ್ ಆಗಿ ಸ್ವಲ್ಪ ಹೊತ್ತಿಗೆ ಫೋಟೋ ಬಂತು. ಈ ಸಲ ಎಮಿಲಿಯಾಳ ಫೋನಿಗೆ ಮಾತ್ರ. ಅವಳು ಅದನ್ನು ನೋಡುತ್ತಲೇ ಕೂತಳು. ಕ್ಯಾಮಿಲಸ್ ಕೇಳುವ ಧೈರ್ಯವಿಲ್ಲದೆ ಬಾಗಿಲ ಬಳಿ ನಿಂತೇ ಇದ್ದ. ಕೊನೆಗೆ ಅವಳೇ ಪಕ್ಕಕ್ಕೆ ಸರಿದು, ಅವನಿಗೆ ಕೂರಲು ಜಾಗ ಮಾಡಿದಳು.